ಡಬರಿಯ ತಳದ ಹುಗ್ಗಿ

ನನ್ನ ಹಿಟ್ಟಿನ ಗಿರಣಿಯ ಎದುರು ಒಂದು ಕೋಣೆ ಇದೆ. ಕಲ್ಲಿನ ಗೋಡೆ, ತಗಡಿನ ಬಾಗಿಲು, ಬಾಗಿಲ ಮೇಲೆ ಪಂಚಾಯ್ತಿಯ ಹೆಸರು ಅರ್ಧ ಅಳಿಸಿಹೋಗಿದೆ. ಮೊದಲು ಊರಿನ ಪಾತ್ರೆಗಳೆಲ್ಲ ಆ ಕೋಣೆಯಲ್ಲಿರುತ್ತಿದ್ದವು. ಈಗ ಅಲ್ಲಿ ಏನೂ ಇಲ್ಲ. ಆದರೂ ಚೆನ್ನಬಸಮ್ಮ ದಿನಾ ಬೆಳಿಗ್ಗೆ ಬಂದು ಬಾಗಿಲು ತೆಗೆಯುತ್ತಾಳೆ, ನೆಲಕ್ಕೆ ಕಸಬರಿಗೆ ಆಡಿಸುತ್ತಾಳೆ, ಹೊಸ್ತಿಲ ಮೇಲೆ ಕುಳಿತುಕೊಳ್ಳುತ್ತಾಳೆ. ಬರೀ ಗೋಡೆಗೆ ಕಾವಲು ಎಂದು ಬಸ್ಸಿಗೆ ಕಾಯುವವರು ನಗುತ್ತಾರೆ. ನಗಲಿ. ಅವರು ಬಸ್ಸು ಹತ್ತಿ ಹೋಗುತ್ತಾರೆ. ದಿನವಿಡೀ ಎದುರು ಕುಳಿತು ನೋಡುವವನು ನಾನು, ನನಗೆ ನಗು ಬರುವುದಿಲ್ಲ.

ನಮ್ಮೂರು ವಡ್ಡು ಗ್ರಾಮದ ಆಚೆ, ತೋರಣಗಲ್ಲಿನ ಕಾರ್ಖಾನೆಯ ಪಾಳಿ ಬಸ್ಸುಗಳು ತಿರುಗುವ ದಾರಿಯಲ್ಲಿದೆ. ಅರ್ಧ ಊರು ಹೊಲಕ್ಕೆ ಹೋಗುತ್ತದೆ, ಇನ್ನರ್ಧ ಕಾರ್ಖಾನೆಗೆ. ಇಬ್ಬರೂ ಹಿಟ್ಟಿಗೆ ನನ್ನ ಗಿರಣಿಗೇ ಬರಬೇಕು. ಗಿರಣಿಯ ಸದ್ದಿನಲ್ಲಿ ನನ್ನ ಕಿವಿ ಮಂದವಾಗಿದೆ ಎಂದುಕೊಂಡು ಜನ ನನ್ನೆದುರೇ ಮನೆಯ ಮಾತೆಲ್ಲ ಆಡುತ್ತಾರೆ. ಹಾಗಾಗಿ ಊರ ಉಸಾಬರಿ ನನಗೆ ಬೇಡವೆಂದರೂ ಬಿಟ್ಟಿದ್ದಲ್ಲ.

ಚೆನ್ನಬಸಮ್ಮನನ್ನು ಕಂಪ್ಲಿಗೆ ಕೊಟ್ಟಿದ್ದರು. ಗಂಡ ಅಲ್ಲಿ ಅಕ್ಕಿ ಗಿರಣಿಯಲ್ಲಿ ಹಮಾಲಿ. ಮಕ್ಕಳಾಗಲಿಲ್ಲ. ಗಂಡ ಕಾಮಾಲೆಯಾಗಿ ತೀರಿಕೊಂಡ ಮೇಲೆ ಅತ್ತೆಮನೆಯವರು ಇರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಆಕೆಯೇ ಗಂಟು ಕಟ್ಟಿಕೊಂಡು ತವರಿಗೆ ಬಂದಳು. ತವರಿನಲ್ಲಿದ್ದ ಒಬ್ಬ ಅಣ್ಣ ಕೂಡ ಕೆಲವೇ ವರ್ಷದಲ್ಲಿ ಹೋಗಿಬಿಟ್ಟ. ಆ ಹೊತ್ತಿಗೇ ಪಂಚಾಯ್ತಿಯವರು ಊರ ಕಾರ್ಯಗಳಿಗೆಂದು ಪಾತ್ರೆ ಕೊಂಡಿದ್ದರು. ಎರಡು ಕೊಪ್ಪರಿಗೆ, ಹತ್ತಾರು ಡಬರಿ, ಪರಾತ, ಸೌಟು, ಲೋಟ. ಕಾಯುವವರು ಯಾರು? ಕೋಣೆಯ ಪಕ್ಕದ ಮನೆಯವಳು ಒಂಟಿ, ಎಲ್ಲಿಗೂ ಹೋಗುವವಳಲ್ಲ, ಅವಳ ಕೈಯಲ್ಲಿ ಕೀಲಿ ಇರಲಿ ಅಂದರು. ಪಂಚಾಯ್ತಿ ಕೊಡುತ್ತಿದ್ದುದು ಚಹಾದ ಖರ್ಚಿಗೆ ಸಾಲದಷ್ಟು. ಹೊಟ್ಟೆಗೆ ವಿಧವಾ ವೇತನ, ಮತ್ತೆ ನನ್ನ ಗಿರಣಿಗೆ ಬರುವ ಕಾಳು ಹಸನು ಮಾಡಿದ್ದಕ್ಕೆ ಸಿಗುವ ಕೂಲಿ.

ಎಲ್ಲಿಗೂ ಹೋಗುವವಳಲ್ಲ ಅಂದರಲ್ಲ, ಅದು ಅರ್ಧ ಸತ್ಯ. ಬಂದ ಹೊಸದರಲ್ಲಿ ಒಂದು ಮದುವೆಗೆ ಹೋಗಿದ್ದಳು. ಹಂದರದ ಕಂಬದ ಹತ್ತಿರ ನಿಂತು ಅಕ್ಷತೆಯ ಅಕ್ಕಿಕಾಳಿಗೆ ಕೈ ಚಾಚಿದಾಗ ಯಾರದೋ ಸೋದರತ್ತೆ ತಟ್ಟೆಯನ್ನು ಆಚೆ ಸರಿಸಿದಳು. ಒಲೆ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಹೇಳಿ ಚೆನ್ನಬಸಮ್ಮ ಮನೆಗೆ ಬಂದಳು. ಅವಳ ಮನೆಯಲ್ಲಿ ಹಾಲು ಇರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಯಾವ ಮದುವೆಗೂ ಹೋಗಲಿಲ್ಲ. ನಮ್ಮ ಜನ ಕೆಟ್ಟವರಲ್ಲ, ಆದರೆ ಒಳ್ಳೆಯವರೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಆಕೆ ಮದುವೆಗೆ ಹೋಗದಿದ್ದರೇನು, ಮದುವೆಗಳೇ ಆಕೆಯ ಬಳಿಗೆ ಬರುತ್ತಿದ್ದವು. ನಮ್ಮಲ್ಲಿ ಪಾತ್ರೆ ಒಯ್ದವರು ಅದನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ತಳದಲ್ಲಿ ಒಂದು ಸೌಟು ಹುಗ್ಗಿಯನ್ನೋ ಒಂದೆರಡು ಹೋಳಿಗೆಯನ್ನೋ ಬಿಟ್ಟೇ ಕೊಡುತ್ತಾರೆ. ಸಾವಿನ ಮನೆಯವರಾದರೆ ತೊಳೆದ ಪಾತ್ರೆಯಲ್ಲಿ ಒಂದು ಬೆಲ್ಲದ ಅಚ್ಚು ಇಡುತ್ತಾರೆ. ಅದು ಕಾಯುವವರ ಪಾಲು. ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ, ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಕೊಪ್ಪರಿಗೆ ಬಂದ ದಿನ ನೋಡಬೇಕಿತ್ತು. ಅರ್ಧ ಮೈ ಒಳಗೆ ಬಗ್ಗಿಸಿ ತಳ ಬಳಿಯುತ್ತಾ ಅಲ್ಲಿಂದಲೇ ನನ್ನ ಜೊತೆ ಮಾತಾಡುತ್ತಿದ್ದಳು. ಹೊನ್ನೂರುಸ್ವಾಮಿಯ ಮನೆಯವರದು ಬೆಲ್ಲದ ಕೈ ದೊಡ್ಡದು, ಅಂಜಿನಿ ಮನೆಯವರು ಗಸಗಸೆಯಲ್ಲಿ ಜುಗ್ಗರು, ಈ ಸಲದ ಅಡುಗೆಯವನು ಹುಗ್ಗಿ ತಳ ಹಿಡಿಸಿದ್ದಾನೆ. ಉಂಡವಳು ಸುಮ್ಮನಿರುತ್ತಿರಲಿಲ್ಲ. ಕಾರ್ಯ ಮುಗಿದ ಮಾರನೆಯ ದಿನ ಆ ಮನೆಯ ಬಾಗಿಲಿಗೆ ಹೋಗಿ ರುಚಿ ಹೇಗಿತ್ತೆಂದು ಹೇಳಿ ಬರುತ್ತಿದ್ದಳು. ಉಂಡವರು ಹೇಳಬೇಕು ಅನ್ನುವುದು ಅವಳ ಕಾಯಿದೆ. ಅಷ್ಟು ಹೊತ್ತಿಗೆ ಮದುಮಗಳ ತಾಯಿಗೂ ಬಿಡುವಾಗಿರುತ್ತಿತ್ತು, ಕುಂದ್ರು ಅನ್ನುತ್ತಿದ್ದಳು, ಚಹಾ ಬರುತ್ತಿತ್ತು. ಹಂದರ ಕಟ್ಟಿದಾಗ ದಾಟದ ಹೊಸ್ತಿಲನ್ನು ಹಂದರ ಬಿಚ್ಚಿದ ಮೇಲೆ ದಾಟುತ್ತಿದ್ದಳು. ಊರಿನ ಒಂದೊಂದು ಮನೆಗೂ ಆಕೆಗೆ ಇದ್ದ ದಾರಿ ಅದೊಂದೇ, ಪಾತ್ರೆಯ ತಳದಿಂದ ಹೋಗುವ ದಾರಿ.

ಅದು ಹೇಗೆ ಮುಚ್ಚಿತು ಎಂದು ಹೇಳುತ್ತೇನೆ.

ಗಣಿಯ ಕಡೆಯಿಂದ ಸುತ್ತಲಿನ ಪಂಚಾಯ್ತಿಗಳಿಗೆ ಸಮುದಾಯದ ಕೆಲಸಕ್ಕೆಂದು ಅನುದಾನ ಬರುತ್ತದೆ. ಬರುತ್ತದೆ ಅಷ್ಟೆ, ಕೆಲಸ ಆಗುವುದಿಲ್ಲ. ಹತ್ತು ಮಂದಿ ಸೇರಿದಲ್ಲಿ ಹಾವು ಸಾಯುವುದಿಲ್ಲ ಅನ್ನುತ್ತಾರಲ್ಲ, ಹಾಗೆ. ಈ ಓಣಿಗೆ ಮೊದಲೋ ಆ ಓಣಿಗೆ ಮೊದಲೋ ಎಂಬ ಜಗಳದಲ್ಲೇ ವರ್ಷ ತಿರುಗಿ ಬಂದ ಹಣ ಬಂದ ದಾರಿಯಲ್ಲೇ ವಾಪಸು. ಆಗ ಹೊಸಪೇಟೆಯಲ್ಲಿ ಕಚೇರಿ ಇರುವ ಹೊಂಬಾಳು ಪ್ರತಿಷ್ಠಾನ ಎಂಬ ಧರ್ಮಸಂಸ್ಥೆಯವರು ಬಂದರು. ಎಲ್ಲ ಪಂಚಾಯ್ತಿಗಳೂ ಅನುದಾನವನ್ನು ನಮಗೆ ಒಪ್ಪಿಸಿರಿ, ಯಾವ ಊರಿಗೆ ಏನು ಬೇಕೋ ಕೇಳಿಕೊಂಡು ನಾವೇ ಮಾಡಿಸಿ ಲೆಕ್ಕ ಕೊಡುತ್ತೇವೆ ಅಂದರು. ನಮ್ಮ ಅಧ್ಯಕ್ಷೆ ಲಲಿತಮ್ಮ ಗಂಡನ ಬಾಯಿಂದ ಮಾತಾಡುವವಳಲ್ಲ, ಸ್ವಂತ ಬುದ್ಧಿಯ ಹೆಣ್ಣುಮಗಳು. ಜಗಳ ನೋಡಿ ಸಾಕಾಗಿದ್ದ ಆಕೆ ಗ್ರಾಮಸಭೆ ಕರೆದು ಠರಾವು ಓದಿಸಿದಳು. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ, ಈಗಲೂ ಅದು ತಪ್ಪೆಂದು ಹೇಳುವುದಿಲ್ಲ. ಊರಿಗೆ ಆಂಬುಲೆನ್ಸ್ ಬಂತು, ಹೊಲಿಗೆ ಯಂತ್ರಗಳು ಬಂದವು, ಶಾಲೆಯ ಶೌಚಾಲಯಕ್ಕೆ ಬಾಗಿಲು ಬಂತು. ಆ ಬಾಗಿಲಿಗಾಗಿ ನಾವು ಎಷ್ಟು ವರ್ಷ ಬಾಯಿ ಬಡಿದುಕೊಂಡಿದ್ದೆವು!

ಅದೇ ಸಭೆಯಲ್ಲಿ ಹೆಂಗಸರಿಗೆ ಏನು ಬೇಕು ಎಂದು ಲಲಿತಮ್ಮ ಕೇಳಿದಳು. ಹಿಂದಿನ ಸಾಲಿನಲ್ಲಿದ್ದ ಚೆನ್ನಬಸಮ್ಮ ಎದ್ದು ನಿಂತಳು. ಸಭೆಯಲ್ಲಿ ಆಕೆ ಬಾಯಿ ಬಿಟ್ಟಿದ್ದು ಅದೇ ಮೊದಲು. ಪಾತ್ರೆಗಳು ತಗ್ಗು ಬಿದ್ದಿವೆ, ಕಲಾಯಿ ಹೋಗಿದೆ, ಮದುವೆಗೆ ಮಂದಿ ಹೆಚ್ಚಾಗಿದ್ದಾರೆ, ಹೊಸವು ಬೇಕು ಎಂದು ಕೇಳಿದಳು. ಎಲ್ಲರೂ ಚಪ್ಪಾಳೆ ಹೊಡೆದರು. ಮುದುಕಿಯ ಮುಖ ಅರಳಿತ್ತು.

ಕೇಳಿದ್ದಕ್ಕಿಂತ ಹೆಚ್ಚು ಸಿಕ್ಕಿತು. ಬಸ್ ನಿಲ್ದಾಣದ ಪಕ್ಕ ಸಮುದಾಯ ಭವನ ಎದ್ದಿತು. ಅದಕ್ಕೆ ಅಡುಗೆಮನೆ, ಅಡುಗೆಮನೆಗೆ ಥಳಥಳಿಸುವ ಸ್ಟೀಲ್ ಪಾತ್ರೆಗಳು. ಹಳೆಯವೂ ಅಲ್ಲಿಗೇ ಹೋದವು, ತಗ್ಗು ಸರಿಮಾಡಿಸಿ, ಹೊಸ ಕಲಾಯಿ ಹಾಕಿಸಿ. ಭವನ ನೋಡಿಕೊಳ್ಳಲು ಕಾವ್ಯ ಎಂಬ ಹುಡುಗಿಯನ್ನು ಇಟ್ಟರು. ಪಾತ್ರೆಗಳು ಟ್ರ್ಯಾಕ್ಟರ್ ಹತ್ತುವಾಗ ಚೆನ್ನಬಸಮ್ಮ ಒಂದೊಂದನ್ನೂ ಸೆರಗಿನಿಂದ ಒರೆಸಿ ಕೊಟ್ಟಳು. ಕಾಯುವವರ ಪಾಲಿನ ಮಾತು ಅವಳ ಬಾಯಲ್ಲಿ ಬರಲಿಲ್ಲ. ಹೇಗೆ ಬಂದೀತು? ನನಗೆ ಹುಗ್ಗಿ ಇಡಿರಿ ಎಂದು ಬಾಯಿಬಿಟ್ಟು ಕೇಳಿದರೆ ಅದು ಬೇಡಿದ ಹಾಗೆ.

ಭವನದಲ್ಲಿ ನಡೆದ ಮೊದಲ ಮದುವೆ ಹೊನ್ನೂರುಸ್ವಾಮಿಯ ಮಗಳದು. ರೂಢಿಯಂತೆ ಅವರು ಡಬರಿಯ ತಳದಲ್ಲಿ ಹುಗ್ಗಿ ಬಿಟ್ಟು ಒಪ್ಪಿಸಿದರು. ಗೋಡೆಯ ಮೇಲೆ ಪ್ರತಿಷ್ಠಾನದ ನಿಯಮ ಬರೆಸಿತ್ತು: ಪಾತ್ರೆಗಳನ್ನು ತೊಳೆದು ಒಪ್ಪಿಸಬೇಕು, ತಪ್ಪಿದರೆ ಐವತ್ತು ರೂಪಾಯಿ ದಂಡ. ಕಾವ್ಯ ಮುಚ್ಚಳ ತೆಗೆದಳು, ಮೂಗು ಮುರಿದಳು, ಅವರೆದುರೇ ಹುಗ್ಗಿಯನ್ನು ಮೋರಿಗೆ ಬಳಿದು ದಂಡದ ಚೀಟಿ ಹರಿದು ಕೊಟ್ಟಳು. ಹೊನ್ನೂರುಸ್ವಾಮಿ ಕೆಂಡವಾದ. ಮದುವೆಯ ಅನ್ನ ಮೋರಿಗೆ ಹಾಕಿದಳೆಂದು ನನ್ನ ಗಿರಣಿಯಲ್ಲಿ ನಿಂತು ಬೈದದ್ದು ಯಂತ್ರದ ಸದ್ದನ್ನೂ ಮೀರಿ ಕೇಳಿತು. ಆಮೇಲೆ ಅಂಜಿನಿ ಮನೆಯವರಿಗೂ ದಂಡ ಬಿತ್ತು. ಅಲ್ಲಿಗೆ ಊರು ಪಾಠ ಕಲಿಯಿತು. ಪಾತ್ರೆಗಳು ಹೊಳೆಯುತ್ತಾ, ಒಣಗಿ, ಬರಿದಾಗಿ ಭವನಕ್ಕೆ ಮರಳತೊಡಗಿದವು.

ಚೆನ್ನಬಸಮ್ಮನಿಗೆ ಬೇರೆಯಾಗಿ ಯಾರೂ ಒಯ್ದು ಕೊಡಲಿಲ್ಲ. ಜನರನ್ನು ಬೈಯಬೇಕೆಂದು ಹೊರಟರೆ ನನಗೇ ಮಾತು ಸಿಗುವುದಿಲ್ಲ. ಅವರು ಆಕೆಗೆಂದು ಎಂದೂ ಕೊಟ್ಟವರಲ್ಲ, ಪಾತ್ರೆಯಲ್ಲಿ ಬಿಡುತ್ತಿದ್ದವರು ಅಷ್ಟೆ. ಬಿಡುವುದು ನಿಂತಿತು. ಅದರಿಂದ ಯಾರ ಪಾಲು ನಿಂತಿತು ಎಂದು ಯೋಚಿಸಲು ಯಾರಿಗೆ ಪುರಸೊತ್ತು?

ನಾನೊಮ್ಮೆ ಯೋಚಿಸಿದೆ. ನನ್ನ ತಂಗಿಯ ಮಗಳ ನಿಶ್ಚಿತಾರ್ಥ ಭವನದಲ್ಲೇ ಆಯಿತು. ಹೋಳಿಗೆಯನ್ನು ಸ್ಟೀಲ್ ಡಬ್ಬಿಗೆ ಹಾಕಿಸಿಕೊಂಡು ಮಧ್ಯಾಹ್ನ ಆ ಕೋಣೆಯ ಹೊಸ್ತಿಲ ಮೇಲಿಟ್ಟೆ. ಆಕೆ ಮುಚ್ಚಳವನ್ನೂ ತೆಗೆಯಲಿಲ್ಲ.

“ಒಯ್ಯಿ ಶಂಭು,” ಅಂದಳು. “ಪಾತ್ರೀ ಸಂಗಾಟ ಬಂದ್ರ ಅದು ಪಾತ್ರೀದು. ಡಬ್ಬ್ಯಾಗ ಬಂದ್ರ ನನಗ ಹಾಕಿದ್ದು.”

ಸಿಟ್ಟಿನಿಂದ ಹೇಳಿದ್ದರೆ ಸಹಿಸುತ್ತಿದ್ದೆ. ನನ್ನನ್ನೇ ಸಮಾಧಾನ ಮಾಡುವ ಹಾಗೆ ಹೇಳಿದಳು. ಡಬ್ಬಿ ಎತ್ತಿಕೊಂಡು ಗಿರಣಿಗೆ ಬಂದು, ಅವತ್ತು ಜೋಳ ತಂದವರ ಮೇಲೆಲ್ಲ ರೇಗಾಡಿದೆ. ಲಲಿತಮ್ಮನೂ ಒಮ್ಮೆ ಪ್ರಯತ್ನ ಮಾಡಿದಳು. ಒಂಟಿ ಹೆಂಗಸರಿಗೆ ಪ್ರತಿಷ್ಠಾನ ಕೊಡುವ ಆಹಾರದ ಕಿಟ್ಟಿಗೆ ಆಕೆಯ ಹೆಸರು ಬರೆಸಿದಳು. ಕಿಟ್ಟು ಕೊಡುವಾಗ ಫೋಟೋ ತೆಗೆಯಬೇಕು, ಅದು ಅವರ ಪದ್ಧತಿ. ಫೋಟೋದವನು ಸ್ವಲ್ಪ ಈ ಕಡೆ ನೋಡಮ್ಮ ಅಂದಾಗ ಚೆನ್ನಬಸಮ್ಮ ಕಿಟ್ಟನ್ನು ಮೇಜಿನ ಮೇಲಿಟ್ಟು ಎದ್ದು ಬಂದಳು. ಒಲೆ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಹೇಳಿ ಬಂದಳಂತೆ. ಲಲಿತಮ್ಮ ನನ್ನೆದುರು ಅತ್ತುಬಿಟ್ಟಳು.

ಅಂದಿನಿಂದ ಆಕೆಗೆ ಮಾತು ಕಡಿಮೆಯಾಯಿತು. ಕಾಳು ಹಸನು ಮಾಡಲು ಬಂದರೂ ಮೊರದ ಸದ್ದೊಂದೇ. ಭವನದ ಕಡೆಯಿಂದ ಬ್ಯಾಂಡಿನ ಸದ್ದು ಬಂದಾಗ ಮಾತ್ರ ತಲೆ ಎತ್ತಿ, ಯಾರ ಮನೆಯದು ಎಂದು ಕೇಳುತ್ತಿದ್ದಳು. ಮೊದಲು ಊರಿಗೆಲ್ಲ ಆಕೆಯೇ ಹೇಳುತ್ತಿದ್ದ ಸುದ್ದಿ ಅದು. ಯಾರ ಮನೆಯಲ್ಲಿ ಮದುವೆ ಎಂದು ಊರಿಗಿಂತ ಮೊದಲು ಪಾತ್ರೆ ಕೋಣೆಗೆ ಗೊತ್ತಾಗುತ್ತಿತ್ತು. ನಾನು ಹೇಳುತ್ತಿದ್ದೆ. ಹೌದಾ ಎಂದು ಮತ್ತೆ ಮೊರಕ್ಕೆ ಬಗ್ಗುತ್ತಿದ್ದಳು. ಒಬ್ಬ ಹೆಣ್ಣುಮಗಳು ನನ್ನ ಕಣ್ಣೆದುರೇ ಊರಿನಿಂದ ಸ್ವಲ್ಪ ಸ್ವಲ್ಪವಾಗಿ ಹೊರಗೆ ಹೋಗುತ್ತಿದ್ದಳು, ಕುಳಿತ ಜಾಗದಿಂದ ಏಳದೆಯೇ.

ಹೀಗಿರುವಾಗ ಹೋದ ವಾರ ಆಕೆ ಒಂದಿಷ್ಟು ಗೋಧಿ ಹಿಡಿದು ಬಂದಳು. ಹುಗ್ಗಿಗೆ ಒಡೆದುಕೊಡು ಅಂದಳು. ಒಂದು ಪಾವು ಇದ್ದಿರಬಹುದು. ಇಷ್ಟರಲ್ಲಿ ಎಷ್ಟು ಮಂದಿಗೆ ಉಣ್ಣಿಸುತ್ತೀಯಕ್ಕ ಎಂದು ಚೇಷ್ಟೆ ಮಾಡಿದೆ. ಮನೆಯಲ್ಲಿ ಕಾರ್ಯ ಇದೆ ಅಂದಳು. ಗಂಡನ ವರ್ಷದ ದಿನವಿರಬೇಕು ಎಂದುಕೊಂಡು ಒಡೆದುಕೊಟ್ಟೆ. ಸಂಜೆ ನೋಡಿದರೆ ಭವನದಿಂದ ಒಂದು ಡಬರಿ ಹೊರಿಸಿಕೊಂಡು ಬರುತ್ತಿದ್ದಾಳೆ, ಮುಂಗಡ ಕಟ್ಟಿ, ತನ್ನ ಹೆಸರಿನಲ್ಲಿ. ಅದು ಹಳೆಯ ಡಬರಿ. ಕಂಠದ ಹತ್ತಿರ ತಗ್ಗು ಸರಿಮಾಡಿಸಿದ ಕಲೆಯಿಂದ ನಾನೂ ಗುರುತು ಹಿಡಿದೆ. ಐವತ್ತು ಮಂದಿಗೆ ಹುಗ್ಗಿ ಮಾಡುವಷ್ಟು ದೊಡ್ಡದು.

ಮಾರನೆಯ ದಿನ ಬೆಳಿಗ್ಗೆ ನನ್ನನ್ನು ಕರೆದಳು. ಮೊಣಕಾಲು ನೋವು, ಡಬರಿ ಒಪ್ಪಿಸಬೇಕು, ಹೊತ್ತುಕೊಂಡು ಬಾ ಅಂದಳು. ಮುಚ್ಚಳ ಹಾಕಿತ್ತು. ಎತ್ತುವಾಗ ತಳ ನೋಡಿದೆ. ಮಸಿ ಹಿಡಿದಿರಲಿಲ್ಲ. ಒಲೆಯನ್ನೇ ಕಾಣದ ಡಬರಿ. ನನಗೇನೂ ಹೊಳೆಯಲಿಲ್ಲ. ಆದರೆ ದಾರಿಯುದ್ದಕ್ಕೂ, ಮುದುಕಿ ಇವತ್ತು ತನ್ನ ಪಾಲು ಕೇಳಲು ಹೊರಟಿದ್ದಾಳೆ ಎಂದು ಮಾತ್ರ ಅನ್ನಿಸಿತು. ಕೇಳಲಿ, ಆ ಹುಡುಗಿ ಎದುರು ಮಾತಾಡಿದರೆ ನಾನಿದ್ದೇನೆ ಎಂದು ಮನಸ್ಸಿನಲ್ಲೇ ಜಗಳಕ್ಕೆ ತಯಾರಾದೆ.

ಕಾವ್ಯ ಭವನದ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇರುತ್ತಾಳೆ. ಊರು ಕಂಪ್ಲಿ. ರಸೀದಿಗಳನ್ನೆಲ್ಲ ಹೊಸಪೇಟೆಯವರು ತಪಾಸಣೆ ಮಾಡುತ್ತಾರೆ, ಒಂದು ತಪ್ಪಿದರೂ ಕೆಲಸಕ್ಕೆ ಕುತ್ತು. ದಂಡ ಹಾಕುವವಳೆಂದು ಊರಿನಲ್ಲಿ ಯಾರೂ ಅವಳನ್ನು ಮಾತಾಡಿಸುವುದಿಲ್ಲ. ನಾವು ಹೋದಾಗ ಅವಳು ಮೇಜಿನ ಮುಂದೆ ಕುಳಿತು ಖಾನಾವಳಿಯ ಪೊಟ್ಟಣ ಬಿಚ್ಚಿ ಚಿತ್ರಾನ್ನ ತಿನ್ನುತ್ತಿದ್ದಳು. ಕೈ ತೊಳೆದುಕೊಂಡು ಬಂದು ಮುಚ್ಚಳ ತೆಗೆದಳು. ಅಷ್ಟು ದೊಡ್ಡ ಡಬರಿಯ ತಳದಲ್ಲಿ ಎರಡು ಸೌಟು ಗೋಧಿ ಹುಗ್ಗಿ, ಮೇಲೆ ಗಸಗಸೆ, ಕೊಬ್ಬರಿ ಚೂರು.

ತೊಳೆದಿಲ್ಲವಲ್ಲ ಅಜ್ಜಿ, ದಂಡ ಬೀಳುತ್ತದೆ ಎಂದು ಕಾವ್ಯ ಮೆಲ್ಲಗೆ ಅಂದಳು. ಅವಳಿಗೂ ಬೇಸರವಿತ್ತು. ಚೆನ್ನಬಸಮ್ಮ ಸೆರಗಿನ ಗಂಟು ಬಿಚ್ಚಿ ಐವತ್ತರ ನೋಟು ಮೇಜಿನ ಮೇಲಿಟ್ಟಳು.

“ದಂಡ ತಗೊಳವ್ವ. ನಿನ್ ಕಾಯ್ದೆ ಮುಗೀತು,” ಅಂದಳು. “ಇನ್ನ ನಮ್ ಕಾಯ್ದೆ ಕೇಳು. ಇದು ಹೊಲಸಲ್ಲ. ಪಾತ್ರೀನ ಬರೇದು ಕೊಡಬಾರ್ದು, ಕಾಯೋರ ಪಾಲು ಇಟ್ಟು ಕೊಡಬೇಕು. ಮೊದ್ಲು ನಾ ಕಾಯ್ತಿದ್ದೆ. ಈಗ ನೀ ಕಾಯ್ತಿ.”

ಹುಡುಗಿ ನೋಟನ್ನೂ ಮುಟ್ಟಲಿಲ್ಲ, ಮುಚ್ಚಳವನ್ನೂ ಹಾಕಲಿಲ್ಲ. ಡಬರಿಯ ಒಳಗೇ ನೋಡುತ್ತಾ ನಿಂತಳು.

“ಹಂಗಾದ್ರ ಅಜ್ಜಿ, ಅವತ್ತು ಹೊನ್ನೂರುಸ್ವಾಮಿಯವ್ರು ತಂದಿದ್ದು… ಅದು ನನಗಾ?”

“ಮತ್ಯಾರಿಗೆ?”

ಕಾವ್ಯ ಕುರ್ಚಿಯ ಮೇಲೆ ಕುಳಿತುಬಿಟ್ಟಳು. ಈ ಊರಿಗೆ ಬಂದ ಮೇಲೆ ತನಗೆ ಒಂದು ಲೋಟ ನೀರನ್ನೂ ಯಾರೂ ಕೊಡಲಿಲ್ಲ ಎಂದುಕೊಂಡಿದ್ದವಳು ಅವಳು. ಊರು ಮೊದಲ ದಿನವೇ ಮದುವೆಯ ಹುಗ್ಗಿ ಕೊಟ್ಟಿತ್ತು, ಅವಳು ಅದನ್ನು ಮೋರಿಗೆ ಬಳಿದಿದ್ದಳು. ನಾನು ಕಟ್ಟಿಕೊಂಡು ಬಂದ ಜಗಳಕ್ಕೆ ಅಲ್ಲಿ ಕೆಲಸವಿರಲಿಲ್ಲ. ಉಣ್ಣವ್ವ, ಆರಿದರೆ ಚೆನ್ನಾಗಿರುವುದಿಲ್ಲ ಎಂದು ಹೇಳಿ ಚೆನ್ನಬಸಮ್ಮ ಹೊರಗೆ ನಡೆದಳು. ನಾನೂ ಹಿಂದೆ ಬಂದೆ.

ಪಾಲು ಕೇಳಲು ಹೊರಟಿದ್ದಾಳೆ ಎಂದುಕೊಂಡಿದ್ದೆನಲ್ಲ, ಆಕೆ ಹೋಗಿದ್ದು ಅದನ್ನು ಒಪ್ಪಿಸಿಕೊಡಲು. ಪಂಚಾಯ್ತಿಗಳು ಅನುದಾನ ಒಪ್ಪಿಸಿದವು, ಕಟ್ಟಡಕ್ಕೆ ಜಾಗ ಒಪ್ಪಿಸಿದವು, ಪಾತ್ರೆ ಒಪ್ಪಿಸಿದವು. ಎಲ್ಲರೂ ಒಪ್ಪಿಸಲು ಮರೆತದ್ದು ಇದೊಂದನ್ನೇ.

ಬಸ್ ನಿಲ್ದಾಣ ದಾಟಿದ ಮೇಲೆ ಕೇಳಿದೆ, ಮನೆಯಲ್ಲಿ ಏನು ಕಾರ್ಯ ಇತ್ತಕ್ಕ ಎಂದು.

“ಇದೇ,” ಅಂದಳು.

ಕಾರ್ಯ ಇರಲಿಲ್ಲ. ಊಟಕ್ಕೆ ಯಾರೂ ಬಂದಿರಲಿಲ್ಲ. ಸಣ್ಣ ಬೋಗುಣಿಯಲ್ಲಿ ತಳಕ್ಕೆ ಬಿಡುವಷ್ಟೇ ಹುಗ್ಗಿ ಮಾಡಿ ದೊಡ್ಡ ಡಬರಿಗೆ ಸುರಿದಿದ್ದಳು. ಇಷ್ಟು ವರ್ಷ ಊರಿನ ಕಾರ್ಯದಲ್ಲೆಲ್ಲ ಉಳಿದದ್ದನ್ನು ಉಂಡವಳು, ತನ್ನ ಮನೆಯ ಕಾರ್ಯದಲ್ಲಿ ಉಳಿಯುವಷ್ಟನ್ನು ಮಾತ್ರ ಮಾಡಿದ್ದಳು. ರುಚಿ ಹೇಗಿತ್ತು ಎಂದು ಕೇಳಿದೆ. ನನಗೆ ಹೇಗೆ ಗೊತ್ತು, ಕಾಯುವವರ ಪಾಲನ್ನು ಮೊದಲೇ ಎಂಜಲು ಮಾಡಲು ಬರುತ್ತದೇನು, ಉಂಡವರು ಬಂದು ಹೇಳುತ್ತಾರೆ ಬಿಡು ಅಂದಳು.

ಅದಾದ ಮೇಲೆ ದಿನಾ ಬೆಳಿಗ್ಗೆ ಆಕೆ ಖಾಲಿ ಕೋಣೆಯ ಹೊಸ್ತಿಲ ಮೇಲೆ ಕೂರುವುದು ಮೊದಲಿನಂತೆ ಅಲ್ಲ. ಮುಖ ಭವನದ ಕಡೆಗಿರುತ್ತದೆ. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಚಾಪೆ ಹಾಸಿರುತ್ತಾಳೆ. ನಿನ್ನೆ ಹಾಲನ್ನೂ ತರಿಸಿ ಒಲೆಯ ಮೇಲಿಟ್ಟಿದ್ದಳು, ಈ ಸಲ ನಿಜವಾಗಿಯೂ, ಬಂದವರಿಗೆ ಚಹಾ ಬೇಕಲ್ಲ. ಕಾವ್ಯ ಬರಲಿಲ್ಲ. ಸಂಜೆ ಆ ಹಾಲು ಏನಾಯಿತು ಎಂದು ನಾನು ಕೇಳಲಿಲ್ಲ.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಡಬರಿಯಲ್ಲಿದ್ದದ್ದು ತನ್ನ ಪಾಲು ಎಂದು ಅವಳಿಗೆ ಗೊತ್ತಾಯಿತು. ಉಂಡವರು ಬಂದು ಹೇಳಬೇಕು ಅನ್ನುವುದನ್ನು ಅವಳಿಗೆ ಯಾರು ಹೇಳಿದ್ದಾರೆ? ಚೆನ್ನಬಸಮ್ಮ ತಾನಾಗಿ ಹೇಳುವವಳಲ್ಲ, ಹೇಳಿದರೆ ಅದೂ ಬೇಡಿದ ಹಾಗೆ ಆಗುತ್ತದೆ. ಇವತ್ತು ಜೋಳದ ಚೀಲಗಳು ಬಾಗಿಲ ತನಕ ಬಂದು ಕುಳಿತಿವೆ. ಕುಳಿತಿರಲಿ. ಗಿರಣಿ ನಿಲ್ಲಿಸಿ ಭವನಕ್ಕೆ ಹೋಗುತ್ತೇನೆ, ಹುಗ್ಗಿಯಲ್ಲಿ ಬೆಲ್ಲ ಸಾಕಾಗಿತ್ತೋ ಇಲ್ಲವೋ ಅಜ್ಜಿಗೆ ಹೇಳಿ ಬಾರವ್ವ ಅನ್ನುತ್ತೇನೆ.